ಉಷಾರಾಣಿ ಬರೆದ ಒಂದು ಸಾಲು, ಗಿರಿಯಮ್ಮನ ಏಳು ಕುರಿ

ಚಿತ್ರದುರ್ಗದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಾರೆ, ಮೇಲೆ ನಾವು ಪ್ರೋಗ್ರಾಂ ಬರೆಯುತ್ತೇವೆ. ಕೆಳಗಿನವರು ರಿಪೇರಿ ಮಾಡಿದ್ದು ಕಡಿಮೆಯೆಂದರೂ ಆರು ತಿಂಗಳು ತಿರುಗುತ್ತದೆ. ನಮ್ಮದರ ಬಗ್ಗೆ ನಾನು ಆಣೆ ಮಾಡಿ ಹೇಳಲಾರೆ.

‘ನಾವು ಬರೆಯುತ್ತೇವೆ’ ಅಂದದ್ದು ಕೊಂಚ ಹೆಚ್ಚಾಯಿತು. ಬರೆಯುವವಳು ಉಷಾರಾಣಿ ಒಬ್ಬಳೇ. ಮಾಲೀಕ ಪ್ರದೀಪ ಗಿರಾಕಿಗಳನ್ನು ಹಿಡಿದು ತರುತ್ತಾನೆ. ನಾನು ಫೋನ್ ಎತ್ತುತ್ತೇನೆ. ನನ್ನ ಹೆಸರು ರವೀಂದ್ರ, ಹೊಸದುರ್ಗದಲ್ಲಿ ಇಪ್ಪತ್ತೆರಡು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು. ಟೈಪ್ ಕಲಿಯುವವರು ನಿಂತುಹೋದ ಮೇಲೆ ಮಿಷನ್ನುಗಳನ್ನು ಗುಜರಿಗೆ ಹಾಕಿ ಇಲ್ಲಿಗೆ ಬಂದೆ. ಫೋನ್ ಎತ್ತಲು ವಯಸ್ಸಾದವರೇ ಬೇಕು, ಬಿಳಿ ಕೂದಲಿನವರಿಗೆ ಗಿರಾಕಿಗಳು ಕಡಿಮೆ ಬೈಯುತ್ತಾರೆ ಅಂತ ಪ್ರದೀಪ ಹೇಳಿದ. ಫೋನಿನಲ್ಲಿ ಕೂದಲು ಕಾಣುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ, ನಾನೂ ಹೇಳಲಿಲ್ಲ.

ಉಷಾರಾಣಿ ಮದಕರಿಪುರದವಳು. ಮೂವತ್ತಾರು ವರ್ಷ. ದುರ್ಗದಲ್ಲೇ ಬಿಸಿಎ ಮಾಡಿದಳು, ದುರ್ಗದಲ್ಲೇ ಕೆಲಸಕ್ಕೆ ಸೇರಿದಳು. ದಿನವೂ ಸ್ಕೂಟಿಯಲ್ಲಿ ಬಂದು ಹೋಗುತ್ತಾಳೆ. ಗಂಡ ಕರೆಂಟ್ ಲೈನ್‌ಮನ್. ಕರೆಂಟ್ ಹೋದರೆ ಊರೆಲ್ಲ ಅವನಿಗೆ ಬೈಯುತ್ತದೆ, ಪ್ರೋಗ್ರಾಂ ನಿಂತರೆ ಮೂರು ತಾಲ್ಲೂಕು ಇವಳಿಗೆ ಬೈಯುತ್ತದೆ. ಅದಕ್ಕೆ ಮನೆಯಲ್ಲಿ ಯಾರೂ ದೂರು ಹೇಳಬಾರದು ಅಂತ ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡಿದ್ದಾರೆ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಾರಂತೆ.

ಅವಳ ಬಾಯಲ್ಲಿ ‘ಸರಿಹೋಯ್ತು’ ಎಂಬ ಮಾತನ್ನು ನಾನು ಕೇಳಿಲ್ಲ. ಒಂದು ತೊಂದರೆ ಬಗೆಹರಿದರೆ ‘ಸದ್ಯಕ್ಕೆ ಸುಮ್ನಾಗೈತೆ’ ಅನ್ನುತ್ತಾಳೆ. ಹದಿಮೂರು ವರ್ಷ ಈ ಕೆಲಸ ಮಾಡಿದವರು ಹಾಗೆಯೇ ಮಾತಾಡುತ್ತಾರೆ ಅಂತ ಕಾಣುತ್ತದೆ.

ನಾನು ಸೇರಿದ ಹೊಸದರಲ್ಲಿ, ಗಿರಾಕಿಗಳಿಗೆ ಉತ್ತರ ಹೇಳಲಾದರೂ ಸ್ವಲ್ಪ ಕಲಿಯಲಿ ಅಂತ ಅವಳು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. “ರವೀಂದ್ರಣ್ಣ, ನೀವು ಅರ್ಜಿ ನಮೂನೆ ಟೈಪ್ ಮಾಡ್ಸಿದೀರಲ್ಲ, ಹಂಗೇ ಇದು. ಕುರಿ ಅಂತ ಒಂದು ಖಾಲಿ ನಮೂನೆ ಮಾಡ್ತೀವಿ. ನಂಬರ್, ವಯಸ್ಸು, ತಾಯಿ, ಮಾಲೀಕ. ಒಂದೊಂದು ಕುರಿಗೂ ಒಂದೊಂದು ಹಾಳೆ ತುಂಬ್ತೀವಿ. ನಮೂನೆ ಒಂದೇ, ಹಾಳೆ ಸಾವಿರ. ಇಡೀ ಪ್ರೋಗ್ರಾಂ ಅಂದ್ರೆ ಈ ಹಾಳೆಗಳು ಒಂದಕ್ಕೊಂದು ಮಾತಾಡೋದು.”

“ಇಷ್ಟೇನಾ?” ಅಂದೆ.

“ಇಷ್ಟೇ. ಮಾತಾಡೋವಾಗ ಜಗಳ ಬರ್ತೈತೆ” ಅಂದಳು.

ಕುರಿಯ ಉದಾಹರಣೆ ಸುಮ್ಮನೆ ಬಂದದ್ದಲ್ಲ. ಹೊಸದುರ್ಗದ ಕಡೆ ಒಂದು ಕುರಿಗಾರರ ಸಂಘ ನಮ್ಮ ದೊಡ್ಡ ಗಿರಾಕಿ. ಸುತ್ತಲಿನ ಊರುಗಳ ಕುರಿಗಳಿಗೆಲ್ಲ ಹಳದಿ ಕಿವಿಯೋಲೆ ಹಾಕಿ, ಓಲೆಯ ನಂಬರಿನ ಮೇಲೆ ಯಾವ ಕುರಿ ಯಾರದು ಎಂದು ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ. ಆ ಪ್ರೋಗ್ರಾಮನ್ನು ಮೊದಲು ಬರೆಯಲು ಶುರುಮಾಡಿದವನು ಉಷಾರಾಣಿಯಲ್ಲ, ಮುಂಚೆ ನಮ್ಮಲ್ಲೇ ಇದ್ದ ಇನ್ನೊಬ್ಬ. ಅವನೀಗ ಹಿರಿಯೂರಿನಲ್ಲಿ ಬೇಕರಿ ಇಟ್ಟಿದ್ದಾನೆ. ಬನ್ನು ಚೆನ್ನಾಗಿರುತ್ತದೆ ಅಂತ ಕೇಳಿದ್ದೇನೆ.

ಆ ಬೇಕರಿಯವನು ಕುರಿಯ ನಮೂನೆ ಮಾಡಿದ ಮೇಲೆ ಸಂಘದವರು ಮೇಕೆಯನ್ನೂ ಸೇರಿಸಿ ಅಂದರು. ಇನ್ನೊಂದು ನಮೂನೆ ಮಾಡಲು ಬೇಸರವಾಗಿ ಅವನು ‘ಮೇಕೆಯೂ ಒಂದು ಬಗೆಯ ಕುರಿ’ ಎಂದು ಒಂದೇ ಸಾಲಿನಲ್ಲಿ ಬರೆದು ಕೈ ತೊಳೆದುಕೊಂಡ. ಕುರಿಗೆ ಇರುವುದೆಲ್ಲ ಮೇಕೆಗೂ ಬಂತು. ಫೆಬ್ರವರಿಯಲ್ಲಿ ನೂರಾರು ಜನರ ಮೊಬೈಲಿಗೆ ‘ನಿಮ್ಮ ಮೇಕೆಗಳ ಉಣ್ಣೆ ಕತ್ತರಿಸುವ ಸಮಯ ಬಂದಿದೆ’ ಎಂದು ಸಂದೇಶ ಹೋಯಿತು. ಆ ವಾರ ನಾನು ಕೇಳಿದ ಬೈಗುಳಗಳಲ್ಲಿ ಕೆಲವು ನನಗೆ ಹೊಸವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ತುರುವನೂರಿನ ಒಬ್ಬರು ಮಾತ್ರ ಬೈಯಲಿಲ್ಲ, ಎಷ್ಟು ಉದ್ದಕ್ಕೆ ಕತ್ತರಿಸಬೇಕು ಅಂತ ಕೇಳಿದರು.

ಇನ್ನೊಂದು ಇತ್ತು. ಹಾಳೆಯಲ್ಲಿ ತಾಯಿಯ ಜಾಗ ಖಾಲಿ ಬಿಟ್ಟರೆ ಇಡೀ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಸಂತೆಯಲ್ಲಿ ಕೊಂಡ ಕುರಿಗೆ ತಾಯಿ ಯಾರು ಅಂತ ಯಾರಿಗೆ ಗೊತ್ತು? ಸಂಘದಲ್ಲಿ ಹಾಳೆ ತುಂಬುವ ಭಾಗ್ಯ ಎಂಬ ಹೆಣ್ಣುಮಗಳು ಬುದ್ಧಿವಂತೆ. ನಮಗೆ ಫೋನ್ ಮಾಡಿ ಮಾಡಿ ಸಾಕಾಗಿ, ತಾಯಿ ಗೊತ್ತಿಲ್ಲದ ಕುರಿಗಳಿಗೆಲ್ಲ ಒಂದನೇ ನಂಬರಿನ ಕುರಿಯನ್ನೇ ತಾಯಿ ಮಾಡಿದಳು. ಆ ಪ್ರೋಗ್ರಾಂ ಉಷಾರಾಣಿಯ ಕೈಗೆ ಬರುವ ಹೊತ್ತಿಗೆ ಆ ಕುರಿಗೆ ನಾನೂರ ಹನ್ನೆರಡು ಮಕ್ಕಳಿದ್ದವು. ಅದರಲ್ಲಿ ಅರವತ್ತು ಮಕ್ಕಳು ತಾಯಿಗಿಂತ ದೊಡ್ಡವು.

ಇವನ್ನೆಲ್ಲ ಉಷಾರಾಣಿ ಒಂದೊಂದಾಗಿ ಸುಮ್ಮನಾಗಿಸಿದಳು. ಕೆಲಸ ಸುಲಭವಿರಲಿಲ್ಲ. ಬೇಕರಿಯವನು ಎಲ್ಲವನ್ನೂ ಒಂದೇ ನಮೂನೆಯೊಳಗೆ ತುರುಕಿದ್ದ. ಲಸಿಕೆ, ಸಂದೇಶ, ಪಟ್ಟಿ ಮುದ್ರಿಸುವುದು, ಟಗರಿನ ತೂಕ, ಎಲ್ಲ ಅಲ್ಲೇ. ಟಗರಿನ ತೂಕದ ಅಂಕಿ ತಿದ್ದಿದರೆ ಲಸಿಕೆಯ ಸಂದೇಶ ನಿಲ್ಲುತ್ತಿತ್ತು. ಸಂಬಂಧ ಏನು ಅಂತ ಕೇಳಿದರೆ ಅವಳು “ಸಂಬಂಧ ಇಲ್ಲ ರವೀಂದ್ರಣ್ಣ, ಅದೇ ತೊಂದ್ರೆ” ಅನ್ನುತ್ತಿದ್ದಳು. ಅವಳು ಸಿಟ್ಟು ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಆ ದಿನ ಡಬ್ಬಿಯ ಮಂಡಕ್ಕಿ ಒಗ್ಗರಣೆ ಹಾಗೇ ಉಳಿದರೆ, ಏನೋ ಕೆಟ್ಟಿದೆ ಅಂತ ನಾನೇ ತಿಳಿದುಕೊಳ್ಳುತ್ತಿದ್ದೆ.

ಇಷ್ಟು ಹೇಳಿದ್ದು ಯಾಕೆಂದರೆ, ಮುಂದೆ ಆದ ಅನಾಹುತ ಬೇಕರಿಯವನದ್ದಲ್ಲ. ಉಷಾರಾಣಿಯದ್ದೇ.

ಕಳೆದ ವರ್ಷ ಭಾಗ್ಯ ಫೋನ್ ಮಾಡಿ ಅಲವತ್ತುಕೊಂಡಳು. ಮರಿ ಹಾಕುವ ಕಾಲದಲ್ಲಿ ದಿನಕ್ಕೆ ಐವತ್ತು ಮರಿ, ಒಂದೊಂದಕ್ಕೂ ಹಾಳೆಯಲ್ಲಿ ಇಪ್ಪತ್ತೆರಡು ಜಾಗ ತುಂಬಬೇಕು, ಬೆರಳು ಸವೆದುಹೋಯಿತು, ಏನಾದರೂ ಮಾಡಿ ಅಂದಳು. ಉಷಾರಾಣಿ ಒಂದು ಬಟನ್ ಇಟ್ಟುಕೊಟ್ಟಳು. ‘ಮರಿ ಹಾಕಿತು’ ಅಂತ ಒತ್ತಿದರೆ ತಾಯಿಯ ಹಾಳೆ ನಕಲಾಗಿ ಮರಿಯ ಹಾಳೆ ತಯಾರು. ಊರು, ತಳಿ, ಮಾಲೀಕ ಎಲ್ಲ ತಾಯಿಯದ್ದೇ. ನಂಬರು ಮತ್ತು ಹುಟ್ಟಿದ ದಿನ ಮಾತ್ರ ಭಾಗ್ಯ ಹಾಕಬೇಕು. ಹದಿನೈದು ದಿನ ಪರೀಕ್ಷೆ ಮಾಡಿದಳು, ಎಲ್ಲ ಸರಿಬಂತು. ಭಾಗ್ಯ ಸಂತೋಷಕ್ಕೆ ಹೊಸದುರ್ಗದಿಂದ ಬಸ್ಸಿನವರ ಕೈಯಲ್ಲಿ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕಳಿಸಿದಳು. ಅದರಲ್ಲಿ ಹೆಚ್ಚಿನದನ್ನು ತಿಂದವನು ನಾನು.

ಅದಾಗಿ ಏಳೆಂಟು ತಿಂಗಳ ಮೇಲೆ, ಒಂದು ಮಧ್ಯಾಹ್ನ ಫೋನ್ ಬಂತು.

“ಕಂಪ್ಯೂಟರ್ನೋರಾ? ನನ್ನ ಕುರಿ ಎಲ್ಲವೆ?”

“ಅಜ್ಜಿ, ಕುರಿ ನಮ್ಮಲ್ಲಿರಲ್ಲ” ಅಂದೆ.

“ನಿಮ್ಮತ್ರಾನೇ ಅವೆ ಅಂತಾರಲ್ಲಪ್ಪ ಎಲ್ಲಾರೂ. ಕಂಪ್ಯೂಟರ್‌ನಾಗೆ ಏಳೇ ಐತಂತೆ. ನನ್ನವು ಹದಿನಾಲ್ಕು.”

ಸಂಘದವರನ್ನು ಕೇಳಿ ಅಂತ ಹೇಳಿ ಇಟ್ಟೆ. ದೂರಿನ ಪುಸ್ತಕದಲ್ಲಿ ‘ಬಾಗೂರಿನ ಅಜ್ಜಿ, ಕುರಿ ವಿಷಯ, ನಮಗೆ ಸಂಬಂಧವಿಲ್ಲ’ ಎಂದು ಬರೆದೆ. ಮುಂದಿನ ವಾರ ಮತ್ತೆ ಮಾಡಿದರು. ಅದರ ಮುಂದಿನ ವಾರವೂ ಮಾಡಿದರು. ಮೂರು ಸಲವೂ ನಾನು ಅದೇ ಉತ್ತರ ಕೊಟ್ಟೆ, ಮೂರು ಸಲವೂ ಪುಸ್ತಕದಲ್ಲಿ ಅದನ್ನೇ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ, ಈಗಲೂ ಓದಬಹುದು. ಓದಿದರೆ ನಾಚಿಕೆಯಾಗುತ್ತದೆ.

ಒಂದು ಶನಿವಾರ ಆ ಅಜ್ಜಿಯೇ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು, ಹೆಸರು ಗಿರಿಯಮ್ಮ. ಬಾಗೂರಿನಿಂದ ಹೊಸದುರ್ಗಕ್ಕೆ ಬಂದು, ಅಲ್ಲಿಂದ ಹೊಳಲ್ಕೆರೆ ಮೇಲೆ ದುರ್ಗಕ್ಕೆ ಬಸ್ಸು ಹಿಡಿದಿದ್ದರು. ಎಲೆ ಅಡಿಕೆ ಚೀಲದಿಂದ ಮಡಿಸಿದ ಕಾಗದ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಸಂಘದಿಂದ ಮುದ್ರಿಸಿದ ಪಟ್ಟಿ. ಅದರ ಕೆಳಗೆ ನಮ್ಮ ಕಂಪನಿಯ ಹೆಸರು, ಅದರ ಕೆಳಗೆ ‘ಕಂಪ್ಯೂಟರ್ ಲೆಕ್ಕ, ತಪ್ಪಿಲ್ಲದ ಲೆಕ್ಕ’ ಎಂಬ ಪ್ರದೀಪನ ಜಾಹೀರಾತು.

ಮೂರು ಸಲ ಫೋನ್ ಎತ್ತಿದವನು ನಾನೇ ಅಂತ ನಾನು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಎದ್ದು ನೀರು ತಂದುಕೊಟ್ಟೆ. ಉಷಾರಾಣಿ ತನ್ನ ಕುರ್ಚಿ ಎಳೆದುಕೊಂಡು ಬಂದಳು.

“ಕುಂತ್ಕಳ್ರಿ ಅಜ್ಜಿ. ಮೊದಲಿಂದ ಹೇಳ್ರಿ.”

ಗಿರಿಯಮ್ಮ ಹೇಳಿದ್ದು ಇಷ್ಟು. ಗಂಡ ತೀರಿಕೊಂಡ ಮೇಲೆ ತನ್ನ ಕುರಿಗಳನ್ನು ಅದೇ ಊರಿನ ಮಾರಣ್ಣ ಎಂಬುವವನ ಹಿಂಡಿಗೆ ಪಾಲಿಗೆ ಬಿಟ್ಟಿದ್ದರು. ಪಾಲಿಗೆ ಬಿಡುವುದು ಅಂದರೆ, ಕುರಿ ಒಬ್ಬರದು, ಮೇಯಿಸುವವರು ಇನ್ನೊಬ್ಬರು. ಹುಟ್ಟಿದ ಮರಿಗಳನ್ನು ಹಾಲು ಬಿಟ್ಟ ಮೇಲೆ ಇಬ್ಬರೂ ಸಮ ಹಂಚಿಕೊಳ್ಳುತ್ತಾರೆ, ಮೇಯಿಸಿದ್ದಕ್ಕೆ ಅದೇ ಪ್ರತಿಫಲ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು, ಒಂದು ಮಾತು ಬಂದಿರಲಿಲ್ಲ. ಈಗ ಮಾರಣ್ಣನ ಎರಡೂ ಮಂಡಿ ಹೋಗಿ ಹಿಂಡಿನ ಹಿಂದೆ ನಡೆಯಲಾಗುತ್ತಿಲ್ಲ. ಮಗ ಮಾರುತೇಶ ಶೆಡ್ಡು ಕಟ್ಟಿ ತಮ್ಮ ಕುರಿಗಳನ್ನಷ್ಟೇ ಕಟ್ಟಿ ಮೇಯಿಸುವವನಿದ್ದಾನೆ. ಅದಕ್ಕೆ ಬೇರೆಯವರ ಕುರಿ ಬಿಟ್ಟುಕೊಡಬೇಕು. ಒಂದು ತಿಂಗಳ ಹಿಂದೆ ಸಂಘದ ಪಟ್ಟಿ ತರಿಸಿ ಓದಿದರೆ, ಗಿರಿಯಮ್ಮನ ಹದಿನಾಲ್ಕು ತಾಯಿಕುರಿಗಳಲ್ಲಿ ಏಳು ಮಾರಣ್ಣನ ಹೆಸರಿನಲ್ಲಿದ್ದವು.

“ಪಾಲು ಅಂದ್ರೆ ಅರ್ಧ ತಾನೇ ಅಂತಾನೆ ಆ ಹುಡ್ಗ. ಸಮವಾಗೇ ಐತಲ್ಲ ಅಂತಾನೆ. ಊರಾಗೂ ಹೌದು ಹೌದು ಅಂತಾರೆ. ಪಟ್ಟಿ ಹೇಳಿದ್ದೇ ಕೊನೆ ಅಂತ ಸಂಘ ಮಾಡಿದಾಗ್ಲೇ ಎಲ್ಲಾರೂ ಹೆಬ್ಬೆಟ್ಟು ಒತ್ತಿದೀವಲ್ಲ, ನಾನೂ ಒತ್ತಿದೀನಿ. ನಾಳೆ ಬೆಳಿಗ್ಗೆ ಕುರಿ ಬೇರೆ ಮಾಡ್ತಾರೆ. ಆ ಏಳು ಹೋದ್ರೆ ನನ್ನ ಬಾಳು ಅರ್ಧ ಆತು ತಾಯಿ” ಅಂದರು.

ಉಷಾರಾಣಿ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. “ಈ ಸಲ ಹುಟ್ಟಿದ ಮರಿಗಳಲ್ಲಿ ಯಾವ್ಯಾವು ಮಾರಣ್ಣನ ಪಾಲಿಗೆ ಬಂದ್ವು?”

ಗಿರಿಯಮ್ಮ ಬೆರಳು ಮಡಿಸಿ ಹೇಳಿದರು. ಮೊಂಡುಗಿವಿಯದರ ಮರಿ, ಕಣ್ಣಿನ ಹತ್ತಿರ ಮಚ್ಚೆ ಇರುವುದರ ಮರಿ, ಕುಂಟುತ್ತಿದ್ದದ್ದರ ಮರಿ. ಹೀಗೆ ಏಳು. ಉಷಾರಾಣಿ ಪಟ್ಟಿಯಲ್ಲಿ ಓಲೆಯ ನಂಬರು ನೋಡುತ್ತಾ, ನಡುನಡುವೆ ಭಾಗ್ಯನಿಗೆ ಫೋನ್ ಮಾಡಿ ಕೇಳುತ್ತಾ ಒಂದೊಂದಕ್ಕೂ ಗುರುತು ಹಾಕಿದಳು. ಯಾವ ಏಳು ಮರಿ ಮಾರಣ್ಣನಿಗೆ ಹೋಗಿದ್ದವೋ, ಅವುಗಳ ತಾಯಿಕುರಿಗಳೇ ಮಾರಣ್ಣನ ಹೆಸರಿಗೆ ಹೋಗಿದ್ದವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ತನ್ನ ಮೇಜಿಗೆ ಹೋಗಿ ಪ್ರೋಗ್ರಾಂ ತೆರೆದಳು. ಹತ್ತು ನಿಮಿಷ ನೋಡಿದಳು. ಕಂಪ್ಯೂಟರಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ರವೀಂದ್ರಣ್ಣ, ಇದು ನಾನು ಬರ್ದಿದ್ದು.”

ಏನಾಗಿತ್ತು ಅಂದರೆ, ಪ್ರತಿ ಕುರಿಯ ಹಾಳೆಗೂ ಒಂದು ಒಡೆತನದ ಚೀಟಿ ಇರುತ್ತದೆ. ಕುರಿ ಯಾರದು, ಅವರ ಊರು ಯಾವುದು, ಅಂತ. ಚೀಟಿ ಬೇರೆ ಕಡೆ ಇರುತ್ತದೆ, ಹಾಳೆಯಲ್ಲಿ ಆ ಚೀಟಿ ಎಲ್ಲಿದೆ ಎಂಬುದನ್ನು ಮಾತ್ರ ಬರೆದಿರುತ್ತದೆ. ಉಷಾರಾಣಿಯ ಬಟನ್ ಒತ್ತಿದಾಗ ತಾಯಿಯ ಹಾಳೆ ನಕಲಾಯಿತು, ಚೀಟಿ ಮಾತ್ರ ನಕಲಾಗಲಿಲ್ಲ. ತಾಯಿಗೂ ಮರಿಗೂ ಒಂದೇ ಚೀಟಿ ಉಳಿಯಿತು. ಮರಿ ಮಾರಣ್ಣನ ಪಾಲಿಗೆ ಬಂದಾಗ ಭಾಗ್ಯ ಮರಿಯ ಚೀಟಿಯಲ್ಲಿ ಮಾರಣ್ಣನ ಹೆಸರು ಬರೆದಳು. ಅದು ತಾಯಿಯ ಚೀಟಿಯೂ ಆಗಿತ್ತು.

ನನಗೆ ಇದು ಬೇಗ ಅರ್ಥವಾಯಿತು. ಎರಡು ಹಾಳೆಯ ನಡುವೆ ಕಾರ್ಬನ್ ತೆಗೆಯಲು ಮರೆತು ಮೇಲಿನದರಲ್ಲಿ ಟೈಪ್ ಮಾಡಿದರೆ ಕೆಳಗಿನದೂ ಕೆಡುತ್ತದೆ. ಇಪ್ಪತ್ತೆರಡು ವರ್ಷ ಅದಕ್ಕಾಗಿ ಎಷ್ಟು ಜನರಿಗೆ ಗದರಿದ್ದೇನೋ ಲೆಕ್ಕವಿಲ್ಲ. ಉಷಾರಾಣಿಗೆ ಗದರಲು ಮಾತ್ರ ಮನಸ್ಸು ಬರಲಿಲ್ಲ.

“ಪರೀಕ್ಷೆ ಮಾಡಿದ್ದೆಯಲ್ಲಮ್ಮ?” ಅಂದೆ.

“ಮಾಡಿದ್ದೆ. ಮರಿ ಯಾವಾಗ್ಲೂ ತಾಯಿ ಮಾಲೀಕಂದೇ ಅಂತ ಅನ್ಕಂಡು ಮಾಡಿದ್ದೆ. ನಮ್ಮೂರಾಗೆ ನಮ್ಮದು ಮೆಕ್ಕೆಜೋಳ, ಈರುಳ್ಳಿ. ಪಾಲು ಕುರಿ ಅಂತ ಒಂದು ಐತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಸಂಘದೋರೂ ಹೇಳ್ಲಿಲ್ಲ.”

ಅವರಾದರೂ ಯಾಕೆ ಹೇಳುತ್ತಾರೆ? ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ. ಊಟಕ್ಕೆ ಕರೆದವರು ಬಾಯಿಯಿಂದ ತಿನ್ನಬೇಕು ಅಂತ ಹೇಳುತ್ತಾರೆಯೇ?

ಅಷ್ಟರಲ್ಲಿ ಪ್ರದೀಪ ಬಂದ. ವಿಷಯ ಕೇಳಿದ. ಅಜ್ಜಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಾಗಿಲು ಮುಂದೆ ಮಾಡಿದ.

“ಎಲ್ಲಾರ ಮನೆ ದೋಸೆನೂ ತೂತೇ ಉಷಾ ಮೇಡಂ. ಆ ಸಾಲು ಸರಿಮಾಡ್ರಿ, ಏಳು ಹೆಸರು ವಾಪಸ್ ತಿದ್ರಿ, ಭಾಗ್ಯ ತಪ್ಪಾಗಿ ಎಂಟ್ರಿ ಮಾಡಿದ್ಲು ಅಂತ ಒಂದು ಕಾಗದ ಕೊಡಾಣ. ಮುಗೀತು.”

“ಭಾಗ್ಯ ಸರಿಯಾಗೇ ಮಾಡಿದಾಳೆ ಸರ್.”

“ಅವಳಿಗೇನಾಗಲ್ಲ.”

“ಕೆಲಸ ಹೋಗ್ತೈತೆ. ಅದೂ ಅಲ್ದೆ, ನಾನು ಏಳು ಹೆಸರು ತಿದ್ದೋದು ಯಾವ ಆಧಾರದ ಮೇಲೆ? ಹಳೇ ಹೆಸರು ಅಳಿಸಿಹೋಗೈತೆ. ಮಾರಣ್ಣನ ಸ್ವಂತ ಕುರಿಗಳೂ ಮಾರಣ್ಣ ಅಂತಾವೆ, ಈ ಏಳೂ ಮಾರಣ್ಣ ಅಂತಾವೆ. ಕಂಪ್ಯೂಟರ್‌ಗೆ ಎರಡೂ ಒಂದೇ. ಅಜ್ಜಿ ಹೇಳಿದ್ರು ಅಂತ ತಿದ್ದಿದ್ರೆ, ನಾಳೆ ಮಾರುತೇಶ ಬಂದು ಬೇರೆ ಹೇಳಿದ್ರೆ ಅದನ್ನೂ ತಿದ್ದಬೇಕಾಗ್ತೈತೆ.”

ಹಳೆಯ ಪ್ರತಿ ಒಂದು ಪೆನ್‌ಡ್ರೈವಿನಲ್ಲಿ ಇರಬೇಕಾಗಿತ್ತು. ತೆರೆದು ನೋಡಿದೆವು. ಪ್ರದೀಪನ ಮನೆಯ ಗೃಹಪ್ರವೇಶದ ವಿಡಿಯೋ ಇತ್ತು, ಮೂರು ಗಂಟೆಯದು. ಜಾಗ ಸಾಲದೆ ಬೇರೆಯದನ್ನು ಅಳಿಸಿದ್ದನಂತೆ. ಪ್ರದೀಪ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ.

“ನಾಳೆ ನಾನು ಬಾಗೂರಿಗೆ ಹೋಗಿ ತಪ್ಪು ನಂದು ಅಂತ ಹೇಳ್ತೀನಿ” ಅಂದಳು ಉಷಾರಾಣಿ.

“ಕಂಪನಿ ಹೆಸರು ಹೋಗ್ತೈತೆ ಮೇಡಂ. ಯೋಚ್ನೆ ಮಾಡ್ರಿ. ಹೋದ್ರೆ ಸೋಮವಾರ ನಾವಿಬ್ರೂ ಕುಂತು ಮಾತಾಡಬೇಕಾಗ್ತೈತೆ.”

“ಆಗ್ಲಿ ಸರ್.”

ಗಿರಿಯಮ್ಮನನ್ನು ಸಂಜೆಯ ಬಸ್ಸಿಗೆ ಹತ್ತಿಸಿದ್ದು ನಾನು. ಟಿಕೆಟಿಗೆ ಚಿಲ್ಲರೆ ಕೊಡುವಾಗ ಫೋನಿನ ವಿಷಯ ಒಪ್ಪಿಕೊಂಡೆ. “ಗೊತ್ತಪ್ಪ, ದನಿ ಅದೇ ಐತೆ” ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಭಾನುವಾರ ಬೆಳಿಗ್ಗೆ ನಾನೂ ಉಷಾರಾಣಿಯೂ ಮೊದಲ ಬಸ್ಸಿಗೆ ಹೊರಟೆವು. ಬಸ್ಸು ಹೊಳಲ್ಕೆರೆ ದಾಟಿತು. ಆಮೇಲೆ, “ರವೀಂದ್ರಣ್ಣ, ನಂಗೆ ಭಯ ಆಗ್ತೈತೆ” ಅಂದಳು. ನನಗೂ ಆಗುತ್ತಿತ್ತು. ಊರವರ ಮುಂದೆ ನಿಂತು ತಪ್ಪಾಯಿತು ಅನ್ನುವುದನ್ನು ನಾನು ಐವತ್ತೆಂಟು ವರ್ಷದಲ್ಲಿ ಒಮ್ಮೆಯೂ ಮಾಡಿದವನಲ್ಲ.

ಮಾರಣ್ಣನ ರೊಪ್ಪ ಊರಿನ ಹೊರಗಿತ್ತು. ಮುಳ್ಳಿನ ಬೇಲಿ, ಒಳಗೆ ನೂರರ ಮೇಲೆ ಕುರಿ. ಬೇಲಿಯ ಪಕ್ಕ ಚಪ್ಪಡಿ ಕಲ್ಲಿನ ಮೇಲೆ ಮಾರಣ್ಣ ಕಾಲು ಚಾಚಿ ಕೂತಿದ್ದ. ಮಗ ಮಾರುತೇಶ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದ. ಸಂಘದ ಪರವಾಗಿ ಭಾಗ್ಯ ಬಂದಿದ್ದಳು. ಊರಿನ ಹತ್ತು ಹನ್ನೆರಡು ಜನ ಸೇರಿದ್ದರು. ಗಿರಿಯಮ್ಮ ಸ್ವಲ್ಪ ದೂರದಲ್ಲಿ, ಸೆರಗು ಹೊದ್ದುಕೊಂಡು, ಕುರಿಗಳ ಕಡೆಗೇ ನೋಡುತ್ತಾ ನಿಂತಿದ್ದರು.

“ಬರ್ರಿ ಮೇಡಂ” ಅಂದ ಮಾರುತೇಶ. “ನೀವೇ ಬಂದಿದ್ದು ಒಳ್ಳೇದಾತು. ಪಟ್ಟಿ ಸರಿ ಐತೆ ಅಂತ ಒಂದು ಮಾತು ಹೇಳಿಬಿಡ್ರಿ, ಅಜ್ಜಿಗೂ ಸಮಾಧಾನ ಆಗ್ತೈತೆ.”

“ಪಟ್ಟಿ ತಪ್ಪೈತೆ” ಅಂದಳು ಉಷಾರಾಣಿ.

ಅವಳು ಮೇಜಿನ ಮುಂದೆ ಕೂತು ನನಗೆ ಪಾಠ ಹೇಳುವಾಗಿನ ದನಿಯಲ್ಲೇ ಎಲ್ಲವನ್ನೂ ಹೇಳಿದಳು. ಮರಿಯ ಚೀಟಿ, ತಾಯಿಯ ಚೀಟಿ, ಎರಡೂ ಒಂದೇ ಆದದ್ದು. ಭಾಗ್ಯನ ತಪ್ಪಿಲ್ಲ ಅಂತ ಎರಡು ಸಲ ಹೇಳಿದಳು.

ಮಾರುತೇಶ ಪಟ್ಟಿಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. “ತಪ್ಪಿಲ್ಲದ ಲೆಕ್ಕ ಅಂತ ನೀವೇ ಹಾಕಿದೀರಲ್ಲ ಮೇಡಂ? ಕಂಪ್ಯೂಟರ್ ತಪ್ಪು ಮಾಡ್ತೈತಾ?”

“ಕಂಪ್ಯೂಟರ್ ಮಾಡಿಲ್ಲ. ಅದು ನಾನು ಹೇಳಿದ್ದನ್ನೇ ಮಾಡೈತೆ. ತಪ್ಪು ನಂದು.”

“ಸರಿ ಬಿಡ್ರಿ. ಹಂಗಾದ್ರೆ ಯಾವ ಕುರಿ ಯಾರದು? ಅದನ್ನಾದ್ರೂ ಹೇಳ್ರಿ.”

“ನಂಗೆ ಗೊತ್ತಿಲ್ಲ. ನಮ್ಮ ಕಂಪ್ಯೂಟರ್‌ಗೂ ಗೊತ್ತಿಲ್ಲ. ಅಳಿಸಿಹೋಗೈತೆ.”

ಮಾರುತೇಶ ಕೆಟ್ಟವನಲ್ಲ. ಅವನು ಸುತ್ತ ನಿಂತವರ ಮುಖ ನೋಡಿದ. “ಇದೇನ್ರಿ ಇದು. ಪಟ್ಟಿನೂ ಇಲ್ಲ, ಅವರಿಗೂ ಗೊತ್ತಿಲ್ಲ ಅಂದ್ರೆ ನಾವು ಯಾರ ಮಾತು ನಂಬಾಣ? ಯಾರು ಬೇಕಾದ್ರೂ ನಂದು ಅನ್ನಬೋದಲ್ಲ?” ಅವನ ಮಾತಿನಲ್ಲಿ ನ್ಯಾಯವಿತ್ತು. ಜನ ಗುಜುಗುಜು ಅಂದರು. ಗಿರಿಯಮ್ಮ ಸೆರಗು ಬಿಗಿದುಕೊಂಡು ಕುರಿಗಳ ಕಡೆಗೇ ತಿರುಗಿದರು. ಒಂದು ತಿಂಗಳಿಂದ ಹೇಳಿದ್ದನ್ನೇ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ನಾವು ಬಂದದ್ದರಿಂದ ಅಜ್ಜಿಗೆ ಯಾವ ಉಪಯೋಗವೂ ಆಗಲಿಲ್ಲ, ಇದ್ದ ಪಟ್ಟಿಯನ್ನೂ ಕೆಡಿಸಿದೆವು ಅಂತ ನನಗನ್ನಿಸಿತು.

ಆಗ ಮಾರಣ್ಣ ಕಲ್ಲಿನ ಮೇಲಿಂದ ಎದ್ದ. ಕೋಲೂರಿಕೊಂಡು, ಒಂದು ಕಾಲು ಎಳೆಯುತ್ತಾ ರೊಪ್ಪದ ಒಳಗೆ ಹೋದ. ಕುರಿಗಳು ಅವನಿಗೆ ದಾರಿ ಬಿಟ್ಟವು. ಓಲೆಯ ನಂಬರು ನೋಡಲಿಲ್ಲ, ನೋಡಿದರೂ ಓದಲು ಅವನಿಗೆ ಬರುವುದಿಲ್ಲ. ಬಾಗಿ ಒಂದು ಕುರಿಯ ಹಿಂಗಾಲು ಹಿಡಿದ. ಮೊಂಡುಗಿವಿಯದು. ಎಳೆಯಲು ಮಂಡಿ ಬಿಡಲಿಲ್ಲ, ಹಾಗೇ ಹಿಡಿದುಕೊಂಡು ನಿಂತ.

“ಇದು ಗಿರಿಯಕ್ಕಂದು” ಅಂದ.

“ಅಪ್ಪಾ” ಅಂದ ಮಾರುತೇಶ.

“ಸುಮ್ಕಿರಲೇ. ಇದೂ ಅವಳದು. ಆ ಮೂಲೆಯಾಗೆ ಮಚ್ಚೆ ಕಣ್ಣಿಂದು ಐತಲ್ಲ, ಅದೂ ಅವಳದೇ.” ಅವನು ಮುಖ ಎತ್ತಿ ಯಾರನ್ನೂ ನೋಡಲಿಲ್ಲ, ಕುರಿಗಳಿಗೆ ಹೇಳುವವನಂತೆ ಹೇಳಿದ. “ನಂಗೆ ಗೊತ್ತಿತ್ತು. ಪಟ್ಟಿ ಓದಿದ ದಿನಾನೇ ಗೊತ್ತಿತ್ತು. ಏಳು ಏಳು ಅಂದಾಗ, ಇದು ತಪ್ಪು ಅಂತ ಬಾಯಿತನಕ ಬಂತು, ನುಂಗ್ಕಂಡೆ. ಕಂಪ್ಯೂಟರ್ ಕೊಟ್ಟಿದ್ದು, ನಾನೇನು ಕದ್ದಿದ್ದಲ್ಲ ಅಂತ ಅನ್ಕಂಡು ತಿಂಗಳು ಉಂಡು ಮಲಗಿದೆ. ಈಗ ಈ ಹೆಣ್ಮಗಳು ಅಲ್ಲಿಂದ ಬಂದು, ಕಂಪ್ಯೂಟರ್ ಅಲ್ಲ, ನಾನು ಮಾಡಿದ್ದು ಅಂತಾಳೆ. ಇನ್ನು ನಾನು ಯಾವುದರ ಹಿಂದೆ ಬಚ್ಚಿಟ್ಕಳ್ಳಲಿ?”

ಮಾರುತೇಶ ಪಟ್ಟಿಯನ್ನು ಮಡಿಸಿ ಭಾಗ್ಯನ ಕೈಗೆ ಕೊಟ್ಟ. ಬೇಲಿ ಸರಿಸಿ ಒಳಗೆ ಹೋಗಿ, ಅಪ್ಪ ಹಿಡಿದಿದ್ದ ಕುರಿಯನ್ನು ತಾನು ಹಿಡಿದುಕೊಂಡ. ಅಪ್ಪ ತೋರಿಸಿದ, ಮಗ ಎಳೆದು ತಂದ. ಏಳೂ ಹೊರಗೆ ಬಂದವು. ಉಷಾರಾಣಿಯ ಕೈಯಲ್ಲಿ ನಿನ್ನೆ ಗುರುತು ಹಾಕಿದ ಕಾಗದವಿತ್ತು. ಅವಳು ಒಂದೊಂದೇ ಓಲೆ ನೋಡಿದಳು. ಏಳಕ್ಕೆ ಏಳೂ ಅವೇ.

ಮಾರಣ್ಣ ಗಿರಿಯಮ್ಮನ ಮುಂದೆ ಬಂದು ನಿಂತ.

“ಇಪ್ಪತ್ತು ವರ್ಷ ಮೇಯ್ಸಿದೀಯ” ಅಂದರು ಗಿರಿಯಮ್ಮ. “ಒಂದು ತಿಂಗಳು ಸುಮ್ಕಿದ್ದೆ. ಹತ್ತೊಂಬತ್ತು ವರ್ಷ ಹನ್ನೊಂದು ತಿಂಗಳು ನಾನು ಮರೆಯಲ್ಲ. ಹೋಗು, ಕುಂತ್ಕ, ಕಾಲು ಬಾತೈತೆ.”

ಜನ ಚದುರಿದರು. ಭಾಗ್ಯ ಉಷಾರಾಣಿಯ ತೋಳು ಹಿಡಿದು ಅದುಮಿದಳು. ಗಿರಿಯಮ್ಮ ಹದಿನಾಲ್ಕನ್ನೂ ಒಂದು ಕಡೆ ಸೇರಿಸಿಕೊಂಡು, ಸಮಾಧಾನವಾಗುವವರೆಗೆ ಎರಡು ಸಲ ಸುತ್ತಿ ನೋಡಿ, ನಮ್ಮ ಹತ್ತಿರ ಬಂದರು.

“ಏನವ್ವ, ಈಗ ನಿನ್ನ ಕೆಲ್ಸ ಹೋಗ್ತೈತಾ?”

“ಗೊತ್ತಿಲ್ಲ ಅಜ್ಜಿ. ನಾಳೆ ಗೊತ್ತಾಗ್ತೈತೆ.”

“ಹೋದ್ರೆ ಇಲ್ಲಿಗೆ ಬಾ. ಮಾರಣ್ಣನ ಕೈಲಿ ಆಗಲ್ಲ, ಇವನ್ನ ಮೇಯ್ಸಾಕೆ ನಂಗೊಬ್ರು ಬೇಕು.” ಅಜ್ಜಿಯ ಮುಖದಲ್ಲಿ ನಗುವಿರಲಿಲ್ಲ, ವ್ಯವಹಾರದ ಮಾತು. “ಎಲ್ಲಾ ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಗೊತ್ತಿರ್ಲಿಲ್ಲ ಅನ್ನಬ್ಯಾಡ. ಮರಿ ಹಾಲು ಬಿಟ್ಟ ಮೇಲೆ ಅರ್ಧ ನಿಂದು, ಅರ್ಧ ನಂದು. ತಾಯಿ ಮಾತ್ರ ನಂದು.”

ಉಷಾರಾಣಿ ಬ್ಯಾಗಿನಿಂದ ಪುಸ್ತಕ ಪೆನ್ನು ತೆಗೆದಳು. “ಇನ್ನೊಂದ್ಸಲ ಹೇಳ್ರಿ ಅಜ್ಜಿ” ಅಂದಳು. ಗಿರಿಯಮ್ಮ ನಿಧಾನವಾಗಿ ಇನ್ನೊಂದು ಸಲ ಹೇಳಿದರು. ಅವಳು ಒಂದು ಮಾತೂ ಬಿಡದೆ ಬರೆದುಕೊಂಡಳು. ಬರೆಯುವಾಗ ಅವಳ ಕಣ್ಣು ತುಂಬಿದ್ದನ್ನು ನೋಡಿ, ನಾನು ಬಸ್ಸು ಎಷ್ಟು ಹೊತ್ತಿಗೆ ಅಂತ ಭಾಗ್ಯನನ್ನು ಕೇಳಲು ಹೋದೆ.